ಬೆಳಿಗ್ಗೆ ಬಳ್ಳಿಗಾವಿ, ಸಂಜೆ ಜೋಗ: ಒಂದು ದಿನದ ಖಾಸಗಿ ಪ್ರವಾಸದಲ್ಲಿ ನನ್ನ ಅನುಭವ

ಜೋಗವನ್ನು ದಿನದ ಕೊನೆಗೆ ಇಡಬೇಕು, ಅದಕ್ಕೂ ಮೊದಲು ಬಳ್ಳಿಗಾವಿಯನ್ನು ಮುಗಿಸಿರಬೇಕು ಎಂದು ನಾನು ಹೇಳಿದಾಗ ಶಿವಮೊಗ್ಗದ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಗದೆ ಉಳಿದವರು ಯಾರೂ ಇರಲಿಲ್ಲ. "ಜೋಗ ನೋಡೋಕೆ ಅಂತ ಬೆಂಗಳೂರಿನಿಂದ ಬಂದವರನ್ನ ಬೆಳಗಿನ ಜಾವ ಕರ್ಕೊಂಡು ಹೋಗಿ ಕಲ್ಲು ತೋರಿಸ್ತೀಯಾ ಮಾರಾಯಾ, ಶಿಕಾರಿಪುರದಲ್ಲೇ ಇಳಿದು ಬಸ್ಸು ಹತ್ತುತ್ತಾರೆ ನೋಡು" ಎಂದು ನನಗಿಂತ ಬಹಳ ವರ್ಷ ಮೊದಲು ಸ್ಟಿಯರಿಂಗ್ ಹಿಡಿದ ಹಿರಿಯರೊಬ್ಬರು ಎಲ್ಲರೆದುರಿಗೇ ಹೇಳಿದ್ದರು. ಇದುವರೆಗೆ ಯಾರೂ ಇಳಿದು ಬಸ್ಸು ಹತ್ತಿಲ್ಲ. ಈಗ ಅದೇ ಹಿರಿಯರು ತಮ್ಮ ಗಾಡಿಯನ್ನೂ ಈ ದಾರಿಗೆ ಹಾಕಿಕೊಡು ಎಂದು ಕೇಳುತ್ತಿರುವುದರಿಂದ ಕೆಲಸ ಹೇಗೆ ಸಾಗುತ್ತದೆ ಎಂಬುದನ್ನು ಬರೆದಿಡುತ್ತಿದ್ದೇನೆ. ಹಳದಿ ಬೋರ್ಡು, ಪರ್ಮಿಟ್ಟು, ಎಫ್.ಸಿ. (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು), ಬಾಟಾ (ಚಾಲಕನ ದಿನಭತ್ಯೆ) ಮುಂತಾದ ವಿಷಯಗಳು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತಿರುವುದರಿಂದ ಅವುಗಳಿಗೆ ಕೈ ಹಾಕುವುದಿಲ್ಲ.

ನಾವೆಲ್ಲ ಮಾಡುತ್ತಿದ್ದದ್ದು ಒಂದೇ ರೀತಿ. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಶಿವಮೊಗ್ಗ ಬಿಟ್ಟು ಬಿ.ಎಚ್. ರಸ್ತೆಯಲ್ಲೇ ಆನಂದಪುರ, ಸಾಗರ ದಾಟಿ ಹನ್ನೊಂದರ ಹೊತ್ತಿಗೆ ಜೋಗ ಮುಟ್ಟುವುದು, ಎರಡು ಗಂಟೆ ನಿಂತು ಬಂದ ದಾರಿಯಲ್ಲೇ ಹಿಂದಿರುಗುವುದು. ಹೋಗಿಬರಲು ಇನ್ನೂರು ಕಿ.ಮೀ. ಆಗುತ್ತದೆ, ಓಡಲಿ ಬಿಡಲಿ ದಿನಕ್ಕೆ ಇನ್ನೂರೈವತ್ತು ಕಿ.ಮೀ.ಗೆ ಬಾಡಿಗೆ ಎಂಬ ಮಿನಿಮಮ್ ಲೆಕ್ಕ ಹೇಳಿದ ಕೂಡಲೇ ಜಗಳ ಶುರುವಾಗುತ್ತದೆ. ಓಡದ ಐವತ್ತು ಕಿ.ಮೀ.ಗೆ ಹಣ ಏಕೆ ಕೊಡಬೇಕು ಎಂದು ಕೇಳುವ ಗಿರಾಕಿಯನ್ನು ತಪ್ಪೆನ್ನಲಾಗದು. ಡೀಸೆಲ್, ಬಾಟಾ, ಟೈರಿನ ಸವೆತ ಎಲ್ಲ ಕಳೆದರೆ ನನ್ನ ಇನ್ನೋವಾಕ್ಕೆ ಆ ದಿನ ಸಾವಿರ, ಸಾವಿರದ ಇನ್ನೂರು ಉಳಿದರೆ ಹೆಚ್ಚು. ಮಳೆಗಾಲ ಕಳೆದ ಮೇಲೆ ಅದೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಉಳಿದರೆ ಜೋಗಕ್ಕೆ ಎಂಬಂತಾಗಿದೆಯಲ್ಲ. ಬೇಸಿಗೆಯಲ್ಲಿ 830 ಅಡಿಯ ಬಂಡೆಯನ್ನಷ್ಟೇ ನೋಡಲು ಎಷ್ಟು ಜನ ಬಂದಾರು?

ಆದ್ದರಿಂದ ಜೋಗದ ಜೊತೆಗೆ ಇನ್ನೊಂದು ಸ್ಥಳವನ್ನು ಸೇರಿಸಿ, ಕಿ.ಮೀ. ಲೆಕ್ಕವನ್ನೇ ಕೈಬಿಟ್ಟು, ಇಡೀ ದಿನಕ್ಕೆ ಒಂದೇ ಮೊತ್ತ ಹೇಳಬೇಕೆಂದು ನಿರ್ಧರಿಸಿದೆ. ಸೇರಿಸಲು ಆರಿಸಿಕೊಂಡದ್ದು ಬಳ್ಳಿಗಾವಿ. ಶಿರಾಳಕೊಪ್ಪದ ಪಕ್ಕದ ಈ ಹಳ್ಳಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಎಂಬ ಹೆಸರಿನ ನಾಡಿನ ರಾಜಧಾನಿಯಾಗಿತ್ತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಹೀಗೆ ಐದು ಮಠಗಳಿದ್ದ ಪಟ್ಟಣವಿದು. ಅಲ್ಲಮಪ್ರಭುವಿನ ಊರೆಂದು ಜನ ನಂಬಿರುವ ನೆಲ. ಆದರೂ ನಮ್ಮ ಜಿಲ್ಲೆಯ ಟ್ಯಾಕ್ಸಿಗಳು ಅಲ್ಲಿಗೆ ಹೋಗುತ್ತಿದ್ದದ್ದು ಅಪರೂಪ.

ಮೊದಲ ಪ್ರಯತ್ನಗಳು ಒಂದೂ ಕೈಗೂಡಲಿಲ್ಲ. ಎಲ್ಲರ ಸಲಹೆಯಂತೆ ಜೋಗವನ್ನು ಮೊದಲು ಇಟ್ಟಿದ್ದೆ. ಜುಲೈ ತಿಂಗಳಲ್ಲಿ ಜೋಗದ ಮಂಜು ಯಾರ ಗಡಿಯಾರವನ್ನೂ ಕೇಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹತ್ತೂವರೆಗೆ ಹೋಗಿ ನಿಂತರೆ ಎದುರಿಗೆ ಬಿಳಿಯ ಗೋಡೆ, ಒಳಗಿನಿಂದ ಸದ್ದು ಮಾತ್ರ. ಬಳ್ಳಿಗಾವಿ ಇನ್ನೂ ಎಂಬತ್ತೈದು ಕಿ.ಮೀ. ದೂರವಿದೆ ಎಂಬ ಅವಸರದಲ್ಲಿ ಹನ್ನೆರಡೂವರೆಗೆ ಅವರನ್ನು ಗಾಡಿ ಹತ್ತಿಸಿದರೆ, ತಾಳಗುಪ್ಪ ದಾಟುವಷ್ಟರಲ್ಲಿ ಬಿಸಿಲು ಬಂದು ಮಂಜು ಸರಿದಿರುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತವರ ಮುಖ ನೋಡುವ ಹಾಗಿರಲಿಲ್ಲ. ಅಂಥದ್ದೇ ಒಂದು ದಿನ ಮೈಸೂರಿನ ಕುಟುಂಬವೊಂದು ನಾಲ್ಕು ಗಂಟೆಗೆ ಬಳ್ಳಿಗಾವಿಯಲ್ಲಿ ಗಾಡಿಯಿಂದ ಇಳಿಯಲೇ ಇಲ್ಲ. ಕಿಟಕಿಯಿಂದಲೇ ದೇವಸ್ಥಾನದ ಫೋಟೋ ತೆಗೆದು, ಒಪ್ಪಿದ ಮೊತ್ತದಲ್ಲಿ ಎಂಟುನೂರು ರೂಪಾಯಿ ಹಿಡಿದುಕೊಂಡರು. ಮಂಜು ಇಲ್ಲದ ದಿನವೂ ಫಲ ಬೇರೆಯಾಗಲಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಬೀಳುವುದನ್ನು ನೋಡಿ ಬಂದವರಿಗೆ ಆಮೇಲೆ ತೋರಿಸುವ ಯಾವ ಶಿಲ್ಪವಾದರೂ ಪಾಯಸದ ನಂತರ ಬಡಿಸಿದ ಕೋಸಂಬರಿಯೇ ಸರಿ.

ಕ್ರಮವನ್ನು ತಿರುಗಿಸಿದ್ದು ಇದೇ ಕಾರಣಕ್ಕೆ. ಕಲ್ಲಿಗೆ ಮಂಜಿನ ಭಯವಿಲ್ಲ, ಮಳೆ ಬಂದರೂ ಮಂಟಪದೊಳಗೆ ನಿಂತು ನೋಡಬಹುದು, ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳಬಹುದು. ಜೋಗ ಹಾಗಲ್ಲ, ಅಲ್ಲಿ ಕಾಯಬೇಕು; ಮುಂದೆ ಹೋಗಬೇಕಾದ ಜಾಗ ಯಾವುದೂ ಉಳಿದಿಲ್ಲ ಎಂದಾದರೆ ಮಾತ್ರ ಕಾಯಲು ಸಾಧ್ಯ. ಎರಡೂವರೆಗೆ ಜೋಗ ಮುಟ್ಟಿದರೆ ಆರರವರೆಗೆ ಮೂರೂವರೆ ಗಂಟೆ ಕೈಯಲ್ಲಿರುತ್ತದೆ, ಅಷ್ಟರಲ್ಲಿ ಮಂಜು ಒಮ್ಮೆಯೂ ಸರಿಯದ ದಿನ ನನ್ನ ನೆನಪಿನಲ್ಲಿ ಒಂದೋ ಎರಡೋ ಇರಬಹುದು. ಕಾಯುವುದಕ್ಕೆ ಎಲ್ಲರೂ ನಿಲ್ಲುವ ಜಾಗ ಬಿಟ್ಟು ಬೇರೊಂದು ಕಡೆ ನಿಲ್ಲಿಸುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳಿದರೆ ಮುಂದಿನ ಶನಿವಾರವೇ ಅಲ್ಲಿ ಜೋಳ ಸುಡುವ ಗಾಡಿ ಬರುತ್ತದೆ, ಆದ್ದರಿಂದ ಹೇಳುವುದಿಲ್ಲ.

ಎರಡನೆಯ ಮುಖ್ಯ ಸಂಗತಿ ರೈಲು. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಬೆಳಗಿನ ಜಾವ ಶಿವಮೊಗ್ಗಕ್ಕೆ ಬರುತ್ತದೆ, ಅದರ ಜೋಡಿ ರೈಲು ರಾತ್ರಿ ತಾಳಗುಪ್ಪದಿಂದ ಹೊರಟು ಸಾಗರದ ಮೇಲೆ ಹಿಂದಿರುಗುತ್ತದೆ. ಅತಿಥಿಗಳನ್ನು ಶಿವಮೊಗ್ಗದಲ್ಲಿ ಹತ್ತಿಸಿಕೊಂಡು ಶಿಕಾರಿಪುರ, ಬಳ್ಳಿಗಾವಿ, ಸೊರಬ, ಸಾಗರ, ಜೋಗ ಸುತ್ತಿಸಿ ರಾತ್ರಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸಿದರೆ ಅವರಿಗೆ ಲಾಡ್ಜಿನ ಖರ್ಚೇ ಇಲ್ಲ, ಒಮ್ಮೆ ಹೋದ ದಾರಿಯಲ್ಲಿ ಮತ್ತೆ ಬರುವುದು ಜೋಗ ಮತ್ತು ಸಾಗರದ ನಡುವೆ ಮಾತ್ರ. ರೂಮಿನ ಎರಡು ಸಾವಿರ ಉಳಿಯುತ್ತದೆ ಎಂದು ಫೋನಿನಲ್ಲಿ ಹೇಳಿದ ಮೇಲೆ ನನ್ನ ಮೊತ್ತ ದುಬಾರಿಯೆಂದು ಚೌಕಾಸಿ ಮಾಡಿದವರು ಕಡಿಮೆ. ಬೆಳಿಗ್ಗೆ ಮುಖ ತೊಳೆದು ಸ್ನಾನ ಮಾಡಲು ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಒಂದೂವರೆ ಗಂಟೆಯ ಮಟ್ಟಿಗೆ ಒಂದು ಕೋಣೆ ಗೊತ್ತು ಮಾಡಿದ್ದೆ. ನನಗೆ ಗಿರಾಕಿ ಹೆಚ್ಚಿದ್ದು ಕಂಡ ಕೂಡಲೇ ನಾನೂರು ಇದ್ದದ್ದನ್ನು ಸಾವಿರ ಮಾಡಿದರು. ಈಗ ನಮ್ಮ ಸಂಬಂಧಿಕರ ಮನೆಯ ಮಹಡಿಯ ಮೇಲೆ ಎರಡು ಬಚ್ಚಲು, ಒಂದು ಸೋಲಾರ್ ಹಂಡೆ ಹಾಕಿಸಿಕೊಟ್ಟು, ಗುಂಪಿಗೆ ಆರುನೂರು ರೂಪಾಯಿಯನ್ನು ಅವರಿಗೇ ಕೊಡುತ್ತಿದ್ದೇನೆ. ಹಾಕಿದ ಬಂಡವಾಳ ಎಪ್ಪತ್ತು ಸಾವಿರದ ಆಸುಪಾಸು, ಅರ್ಧದಷ್ಟು ವಾಪಸು ಬಂದಿದೆ.

ಆರಕ್ಕೆ ಶಿವಮೊಗ್ಗ ಬಿಟ್ಟು, ಶಿಕಾರಿಪುರದಲ್ಲಿ ತಿಂಡಿ ಮುಗಿಸಿದರೆ ಎಂಟೂಕಾಲರ ಹೊತ್ತಿಗೆ ಬಳ್ಳಿಗಾವಿ. ಇಲ್ಲಿ ಇತಿಹಾಸದ ಪಾಠ ಒಪ್ಪಿಸುವ ಚಾಲಕರನ್ನು ನಾನು ನೋಡಿದ್ದೇನೆ. ಹತ್ತು ನಿಮಿಷದಲ್ಲಿ ಕೇಳುವವರು ಮೊಬೈಲ್ ತೆಗೆಯುತ್ತಾರೆ. ನಾನು ಮೊದಲು ಗಂಡಭೇರುಂಡ ಸ್ತಂಭದ ಎದುರು ನಿಲ್ಲಿಸಿ, ಸರ್ಕಾರಿ ಕಾಗದದ ಮೇಲೆ ಮುದ್ರೆಯಾಗಿ ದಿನವೂ ನೋಡುವ ಎರಡು ತಲೆಯ ಹಕ್ಕಿ ಇಲ್ಲಿ ಮನುಷ್ಯನ ಮೈ ಹೊತ್ತು ಕಂಬದ ಮೇಲೆ ನಿಂತಿದೆ, 1047ರಲ್ಲಿ ಚಾಲುಕ್ಯರ ಸಾಮಂತ ಚಾವುಂಡರಾಯರಸ ನಿಲ್ಲಿಸಿದ್ದು ಎಂದಷ್ಟೇ ಹೇಳುತ್ತೇನೆ. ಅಲ್ಲಿಂದ ತ್ರಿಪುರಾಂತಕೇಶ್ವರ ದೇವಸ್ಥಾನ. ಮಳೆಗಾಲದ ಮೋಡದ ಬೆಳಕಿನಲ್ಲಿ ಅಲ್ಲಿನ ಜಾಲಂಧ್ರಗಳು, ಅಂದರೆ ಕೊರೆದ ಕಲ್ಲಿನ ಜಾಲರಿಗಳು, ಕಪ್ಪು ಹಲಗೆಯಂತೆ ಕಾಣುವುದರಿಂದ ಬಂದವರು ಒಂದು ನೋಟ ಬೀರಿ ಮುಂದೆ ಹೋಗುತ್ತಿದ್ದರು. ಟಾರ್ಚನ್ನು ನೇರವಾಗಿ ಬಿಟ್ಟರೆ ಪ್ರಯೋಜನವಿಲ್ಲ. ಕಲ್ಲಿಗೆ ತಾಗುವಂತೆ ಪಕ್ಕದಿಂದ, ಓರೆಯಾಗಿ ಹಿಡಿಯಬೇಕು. ಆಗ ಹೆಣೆದುಕೊಂಡ ನಾಗಗಳ ಮೈ ಒಂದೊಂದಾಗಿ ಮೇಲೇಳುತ್ತದೆ, ನರ್ತಕಿಯರ ಮೊಣಕಾಲಿನ ಬಾಗು ಕಾಣುತ್ತದೆ. ಟಾರ್ಚನ್ನು ಮಕ್ಕಳ ಕೈಗೇ ಕೊಟ್ಟು ಗೋಡೆಯ ಬುಡದಲ್ಲಿ ಪಂಚತಂತ್ರದ ಕಥೆಗಳನ್ನು ಹುಡುಕಿ ಎಂದರೆ ಮುಂದಿನ ಅರ್ಧ ಗಂಟೆ ನನಗೆ ಕೆಲಸವಿಲ್ಲ. (ಅಲ್ಲಿ ಮಿಥುನ ಶಿಲ್ಪಗಳೂ ಇವೆ, ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಬಂದಿದ್ದರೆ ಮಕ್ಕಳನ್ನು ಯಾವ ಕಡೆಯಿಂದ ಶುರು ಮಾಡಿಸಬೇಕೆಂಬುದನ್ನು ಚಾಲಕ ಮೊದಲೇ ನೋಡಿಟ್ಟುಕೊಂಡಿರಬೇಕು.)

ಮೂರು ಗರ್ಭಗುಡಿಗಳ ಕೇದಾರೇಶ್ವರವನ್ನು ಕೊನೆಗೆ ಇಡುತ್ತೇನೆ. ಆವರಣದ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾದಾಟ, ನಡುವೆ ಸತ್ತವನನ್ನು ಅಪ್ಸರೆಯರು ಕೊಂಡೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಇಷ್ಟು ತಿಳಿದರೆ ಬಂದವರು ಉಳಿದ ಕಲ್ಲುಗಳನ್ನು ತಾವೇ ಓದಿಕೊಳ್ಳುತ್ತಾರೆ. ಇಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಪಾಠದ ಜೊತೆಗೆ ಬಡವರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ಬೆಂಗಳೂರಿನ ವೈದ್ಯ ದಂಪತಿಗಳಿಗೆ ಈ ಒಂದು ಮಾತು ಹೇಳಿದ್ದಕ್ಕೆ ಅವರ ಆಸ್ಪತ್ರೆಯ ಮೂರು ಕುಟುಂಬಗಳು ಆ ಮಳೆಗಾಲದಲ್ಲೇ ಬುಕ್ ಮಾಡಿದವು.

ತಾಳಗುಂದ ಬಳ್ಳಿಗಾವಿಯಿಂದ ಐದಾರು ಕಿ.ಮೀ. ಕದಂಬರ ಸ್ತಂಭಶಾಸನ ಅಲ್ಲಿದೆ. ರೈಲು ಸಮಯಕ್ಕೆ ಬಂದ ದಿನ ಮಾತ್ರ ಅಲ್ಲಿಗೆ ಗಾಡಿ ತಿರುಗಿಸುತ್ತೇನೆ. ರೈಲು ಒಂದು ಗಂಟೆ ತಡವಾದರೆ ಅದನ್ನು ಬಿಟ್ಟು ನೇರ ಸೊರಬದ ದಾರಿ ಹಿಡಿಯುತ್ತೇನೆ. ಇದನ್ನು ಮೊದಲೇ ಪಟ್ಟಿಯಲ್ಲಿ ಹಾಕಿ ಮಾತು ಕೊಟ್ಟರೆ ಸಂಜೆ ಲೆಕ್ಕ ಮಾಡುವಾಗ ತಕರಾರು ಬರುತ್ತದೆ, ಆದ್ದರಿಂದ ಹೇಳದೆ ಕರೆದೊಯ್ಯುವುದೇ ಲೇಸು. ಹೇಳದೆ ತೋರಿಸಿದ್ದು ಅವರಿಗೆ ಲಾಭವಾಗಿ ಕಾಣುತ್ತದೆ.

ಊಟಕ್ಕೆ ಮೊದಲು ಜೋಗದ ಹೋಟೆಲುಗಳನ್ನೇ ನಂಬಿದ್ದೆ, ರಜೆಯ ದಿನ ಕುರ್ಚಿ ಹಿಡಿಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಬುತ್ತಿ ಕಟ್ಟಿಸಿಕೊಂಡು ಹೋಗಿ ನೋಡಿದೆ. ಮಳೆಯಲ್ಲಿ ಬಿಚ್ಚಿ ತಿನ್ನಲು ಜಾಗವಿಲ್ಲ, ಹುಲ್ಲಿನ ಮೇಲೆ ಕುಳಿತರೆ ಉಂಬಳ (ಜಿಗಣೆ). ಈಗ ಸೊರಬಕ್ಕೂ ಸಾಗರಕ್ಕೂ ನಡುವಿನ ಒಂದು ಮನೆಯಲ್ಲಿ ಊಟ: ಅಪ್ಪೆಹುಳಿ, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ, ಕಾಲಕ್ಕೆ ತಕ್ಕಂತೆ ಪತ್ರೊಡೆ ಅಥವಾ ಕೊಟ್ಟೆ ಕಡುಬು. ತಲೆಗೆ 250 ರೂಪಾಯಿ, ಹಿಂದಿನ ರಾತ್ರಿಯೇ ಸಂಖ್ಯೆ ತಿಳಿಸಬೇಕು, ಕಮಿಷನ್ ಇಲ್ಲ. ಮನೆ ಯಾವುದೆಂದು ನನ್ನ ಸ್ವಂತ ತಮ್ಮನಿಗೂ ಹೇಳಿಲ್ಲ. ಉಂಬಳಕ್ಕೆ ಡೆಟಾಲು, ನಶ್ಯ, ಸಾಬೂನು ಎಲ್ಲವನ್ನೂ ಪ್ರಯೋಗಿಸಿ ನೋಡಿದ ಮೇಲೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟಿಗೇ ಮರಳಿದ್ದೇನೆ. ಅಂಥ ನಾಲ್ಕು ಗಂಟುಗಳು ಸದಾ ಡ್ಯಾಶ್‌ಬೋರ್ಡಿನಲ್ಲಿರುತ್ತವೆ.

ಹಣದ ವಿಚಾರ. ಆರು ಜನರವರೆಗೆ ಊಟ ಸೇರಿ 8,500 ರೂಪಾಯಿ ತೆಗೆದುಕೊಳ್ಳುತ್ತೇನೆ. ಖಾಲಿ ವಾಪಸು ಬರುವುದೂ ಸೇರಿ ಓಟ ಸುಮಾರು 270 ಕಿ.ಮೀ.; ಡೀಸೆಲ್ಲಿಗೆ ಎರಡು ಸಾವಿರದ ಮೇಲೆ ಸ್ವಲ್ಪ, ಊಟಕ್ಕೆ ಒಂದೂವರೆ ಸಾವಿರ, ಸ್ನಾನದ ಮನೆಗೆ ಆರುನೂರು, ಚಾಲಕನನ್ನು ಕಳಿಸಿದರೆ ಬಾಟಾ ಆರುನೂರು, ಪಾರ್ಕಿಂಗ್, ಟೀ ಇತ್ಯಾದಿ ಮುನ್ನೂರು. ಟೈರು, ಸರ್ವೀಸು, ಇನ್ಶೂರೆನ್ಸಿಗೆಂದು ದಿನಕ್ಕೆ ಸಾವಿರ ತೆಗೆದಿಟ್ಟರೂ ಎರಡು ಸಾವಿರದ ಮುನ್ನೂರು, ನಾನೂರು ಉಳಿಯುತ್ತದೆ, ಅಂದರೆ ಹಳೆಯ ಪದ್ಧತಿಯ ಎರಡು ಪಟ್ಟು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿ.ಮೀ. ಖಾಲಿ ಬರುವುದು ನಷ್ಟವಲ್ಲವೇ ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಅದು ಖಾಲಿ ಬರುವುದಿಲ್ಲ. ಮೊದಲೇ ಗೊತ್ತು ಮಾಡಿದ ಒಂದೇ ಕಡೆಯ ಬುಕಿಂಗ್, ಪರ್ಮಿಟ್ಟಿಗೂ ತೊಡಕಿಲ್ಲ, ಅದಕ್ಕಿಂತ ಹೆಚ್ಚು ಬರೆಯುವುದು ಬೇಡ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಬಳ್ಳಿಗಾವಿಯ ಬದಲು ಕೆಳದಿ, ಇಕ್ಕೇರಿ ಸೇರಿಸಿದರೆ ಸಾಗರದಿಂದ ಎರಡೂ ಹತ್ತು ಕಿ.ಮೀ. ಒಳಗೇ, ಬೇಗ ಏಳಲಾರದವರಿಗೆ ಅನುಕೂಲ. ಕೆಳದಿಯ ಮರದ ಮಾಳಿಗೆಯ ರಾಮೇಶ್ವರವೂ ಇಕ್ಕೇರಿಯ ಅಘೋರೇಶ್ವರವೂ ಯಾರನ್ನೂ ನಿರಾಶೆಗೊಳಿಸಿಲ್ಲ. ಆದರೆ ಓಟ ಕಡಿಮೆಯಾದ್ದರಿಂದ ಐದೂವರೆ ಸಾವಿರಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ, ಆ ಹಣಕ್ಕೆ ಸಾಗರದ ಗಾಡಿಗಳೇ ಸರಿ. ಬನವಾಸಿಯನ್ನೂ ಒಂದೇ ದಿನಕ್ಕೆ ತುರುಕಿ ನೋಡಿದಾಗ ಜೋಗಕ್ಕೆ ಉಳಿದದ್ದು ಐವತ್ತು ನಿಮಿಷ, ಆ ಐವತ್ತೂ ಮಂಜಿನಲ್ಲೇ ಹೋಯಿತು. ಅದನ್ನು ಮತ್ತೆ ಮುಟ್ಟಿಲ್ಲ. ಜೋಗದಲ್ಲಿ ಆಚೆ ದಡದ ಬ್ರಿಟಿಷ್ ಬಂಗಲೆಗೆ ಹೋಗಿ ಮೇಲಿನಿಂದ ನೋಡಿಸುವುದು ನೀರು ಕಡಿಮೆಯಿರುವ ನವೆಂಬರ್, ಡಿಸೆಂಬರ್‌ನಲ್ಲಿ ಚೆನ್ನಾಗಿ ಒಪ್ಪುತ್ತದೆ. ಆಗ ಕತ್ತಲೆ ಬೇಗ ಆಗುವುದರಿಂದ ಊಟವನ್ನು ಅರ್ಧ ಗಂಟೆ ಮೊದಲೇ ಮುಗಿಸಬೇಕು.

ಮಳೆಗಾಲದ ಭಾನುವಾರಗಳಿಗೆ ಮಾತ್ರ ಎಷ್ಟೇ ಹಣ ಕೊಡುತ್ತೇನೆಂದರೂ ಒಪ್ಪುವುದಿಲ್ಲ, ಏಕೆಂದರೆ ಸಂಜೆ ಜೋಗದಿಂದ ಹೊರಬೀಳುವ ಸಾಲಿನಲ್ಲಿ ಸಿಕ್ಕಿಬಿದ್ದರೆ ರೈಲು ಕೈತಪ್ಪುತ್ತದೆ, ತಪ್ಪಿದ ರೈಲಿಗೆ ಬದಲಾಗಿ ಅವರನ್ನು ಬೆಂಗಳೂರಿಗೆ ಮುಟ್ಟಿಸುವ ಖರ್ಚು ಕೊನೆಗೆ ನನ್ನ ತಲೆಗೇ ಬರುತ್ತದೆ. ಉಳಿದ ದಿನಗಳಲ್ಲಿ ಆರು ಗಂಟೆ ಹೊಡೆದ ಕೂಡಲೇ, ಮಂಜು ಸರಿದಿರಲಿ ಬಿಡಲಿ, ಗಾಡಿ ಸ್ಟಾರ್ಟ್ ಆಗಿರುತ್ತದೆ. ಈ ಷರತ್ತನ್ನು ಎರಡು ಸಾವಿರ ಮುಂಗಡ ಪಡೆಯುವಾಗಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಒಪ್ಪಿಗೆ ಎಂದು ಅವರಿಂದ ಬರೆಸಿಕೊಳ್ಳುತ್ತೇನೆ.