ಸ್ನೆಲ್‌ನ ಬದುಕು ಬರೆಯಹೊರಟು ಅಳತೆಪಟ್ಟಿ ಹಿಡಿದದ್ದು

ಪಿಯುಸಿ ತರಗತಿಗಳಲ್ಲಿ ವರ್ಷಗಟ್ಟಲೆ, ಬೆಳಕು ಗಾಳಿಯಿಂದ ಗಾಜಿನಂಥ ವಸ್ತುವನ್ನು ಹೊಕ್ಕಾಗ ಎಷ್ಟು ಬಾಗುತ್ತದೆಂದು ಹೇಳುವ ಸ್ನೆಲ್ ನಿಯಮವನ್ನು ಪಾಠ ಮಾಡಿದ ನಾನು, ಆ ಹೆಸರಿನ ಹಿಂದಿದ್ದ ಮನುಷ್ಯನ ಕುರಿತು ವಿದ್ಯಾರ್ಥಿಗಳಿಗಾಗಿ ಒಂದು ಬರಹ ಸಿದ್ಧಪಡಿಸಲು ಕುಳಿತಾಗ ಮೊದಲ ಪುಟ ಸಲೀಸಾಗಿ ಮುಗಿಯಿತು. ವಿಲೆಬ್ರಾರ್ಡ್ ಸ್ನೆಲ್ ಹುಟ್ಟಿದ್ದೂ, 1626ರಲ್ಲಿ ತೀರಿಕೊಂಡದ್ದೂ ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ತಂದೆ ರುಡಾಲ್ಫ್‌ರ ಹುದ್ದೆ 1613ರಲ್ಲಿ ಮಗನಿಗೆ ಬಂತು.

ಲೇಖನಿ ನಿಂತದ್ದು 1621ರ ಹತ್ತಿರ. ಬೆಳಕು ಬಾಗುವ ಈ ವಕ್ರೀಭವನದ ನಿಯಮವನ್ನು ಆತ ಕಂಡುಕೊಂಡದ್ದು ಆ ವರ್ಷದ ಸುಮಾರಿಗೆ, ಆದರೆ ಅಚ್ಚು ಹಾಕಿಸಲಿಲ್ಲ. ಕೋನಗಳ ಸೈನ್‌ಗಳ (ತ್ರಿಕೋನಮಿತಿಯ ಒಂದು ಅನುಪಾತ) ರೂಪದಲ್ಲಿ ಅದನ್ನು ಮುದ್ರಿಸಿದವನು 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್. ಸ್ನೆಲ್ ಹೇಳಿದ ರೂಪದಲ್ಲಿ ಸೈನ್ ಇಲ್ಲ. ಕಿರಣ ಎಷ್ಟೇ ಓರೆಯಾಗಿ ಬಿದ್ದರೂ ಬದಲಾಗದ, ಎರಡು ರೇಖೆಗಳ ಉದ್ದದ ಅನುಪಾತವಿದೆ, ಅಷ್ಟೆ. ಅದನ್ನು ನನ್ನ ಕೈಯಿಂದಲೇ ಎಳೆದು ನೋಡದೆ ಬರೆಯಲು ಮನಸ್ಸಾಗಲಿಲ್ಲ.

ಹಾಳೆಯ ಮೇಲೆ ಗಾಜಿನ ಚಪ್ಪಡಿಯಿಟ್ಟು, ಗುಂಡುಸೂಜಿಗಳನ್ನು ಚುಚ್ಚಿ, ಗಾಜಿಗೆ ಬಂದು ಬೀಳುವ ಪತನ ಕಿರಣವನ್ನೂ ಗಾಜಿನೊಳಗೆ ಬಾಗಿದ ಕಿರಣವನ್ನೂ ಗುರುತಿಸಿದೆ. ಆಮೇಲೆ ಕೋನಮಾಪಕವನ್ನು ಮುಟ್ಟದೆ, ಚಪ್ಪಡಿ ತೆಗೆದು, ಪತನ ಕಿರಣವು ಬಾಗದೇ ಹೋಗಿದ್ದರೆ ಎಲ್ಲಿಗೆ ಸಾಗುತ್ತಿತ್ತೋ ಅಲ್ಲಿಗೆ ಅದನ್ನು ನೇರವಾಗಿ ಮುಂದುವರಿಸಿ, ಕಿರಣ ಬಿದ್ದ ಬಿಂದುವಿನಲ್ಲಿ ಗಾಜಿನ ಅಂಚಿಗೆ ನೆಟ್ಟಗೆ ಎಳೆದ ಲಂಬದಿಂದ 3 ಸೆಂ.ಮೀ. ದೂರದಲ್ಲಿ ಅದಕ್ಕೆ ಸಮಾಂತರವಾಗಿ ಒಂದು ಗೆರೆ ಹಾಕಿದೆ. ಪತನ ಬಿಂದುವಿನಿಂದ ಆ ಗೆರೆಯವರೆಗೆ ಬಾಗಿದ ಕಿರಣದ ಉದ್ದ 9.0 ಸೆಂ.ಮೀ., ನೇರ ಕಿರಣದ್ದು 6.0. ಓರೆ ಹೆಚ್ಚಿಸಿದಾಗ 6.4 ಮತ್ತು 4.2, ಇನ್ನೂ ಹೆಚ್ಚಿಸಿದಾಗ 5.2 ಮತ್ತು 3.5. ಭಾಗಿಸಿದರೆ ಮೂರೂ ಬಾರಿ ಒಂದೂವರೆಯ ಆಸುಪಾಸು. (ಮೊದಲ ಸಂಜೆಯ ಹಾಳೆ ಕಸದಬುಟ್ಟಿಗೆ ಹೋಯಿತು, ಸೂಜಿಗಳನ್ನು ತೀರಾ ಹತ್ತಿರ ಚುಚ್ಚಿದ್ದೆ.)

ಇದು ಭೂಮಾಪಕನ ಯೋಚನೆ ಎನ್ನಿಸಿತು; ಸ್ನೆಲ್ ಭೂಮಿಯನ್ನೂ ಅಳೆದವನು. 1617ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ ನೆದರ್‌ಲ್ಯಾಂಡ್ಸಿನ ಉತ್ತರದ ಆಲ್ಕ್‌ಮಾರ್‌ನಿಂದ ದಕ್ಷಿಣದ ಬೆರ್ಗೆನ್ ಆಪ್ ಝೂಮ್‌ವರೆಗೆ, ಊರೂರಿನ ಗೋಪುರಗಳನ್ನು ತ್ರಿಕೋನಗಳ ಸರಪಳಿಯಾಗಿ ಜೋಡಿಸಿ, ಭೂಮಿಯ ಒಂದು ಡಿಗ್ರಿಗೆ (ಸುತ್ತಳತೆಯ 360ರಲ್ಲಿ ಒಂದು ಪಾಲಿಗೆ) ಆಗಿನ ಅಳತೆಯಲ್ಲಿ 28,500 ರೈನ್‌ಲ್ಯಾಂಡ್ ಕೋಲು, ಅಂದರೆ ಸುಮಾರು 107 ಕಿ.ಮೀ. ಎಂದು ಲೆಕ್ಕ ಹಾಕಿದ್ದ. ನಿಜವಾದದ್ದು 111ರಷ್ಟು. ತಪ್ಪು ಉಳಿದಿದೆಯೆಂದು ಆತನಿಗೂ ತಿಳಿಯಿತು. 1622ರ ಚಳಿಗಾಲದಲ್ಲಿ, ನೆರೆ ನಿಂತ ಹುಲ್ಲುಗಾವಲು ಹೆಪ್ಪುಗಟ್ಟಿದಾಗ, ಮಂಜುಗಡ್ಡೆಯ ಮೇಲೆ ತ್ರಿಕೋನಗಳ ಲೆಕ್ಕಕ್ಕೆಲ್ಲ ಬುನಾದಿಯಾದ ಆಧಾರರೇಖೆಯನ್ನು ಮತ್ತೆ ಅಳೆದ. ಆ ತಿದ್ದುಪಡಿಯೂ ಆತನಿರುವಾಗ ಅಚ್ಚಾಗಲಿಲ್ಲ. ಡಚ್ ವಿಜ್ಞಾನಿ ಮುಸೆನ್‌ಬ್ರೂಕ್ ಅದನ್ನು ಹೊರತಂದದ್ದು 1729ರಲ್ಲಿ.

ಹೀಗಾಗಿ ಬರಹದ ಕ್ರಮವನ್ನೇ ಬದಲಿಸಿದೆ: ಮೊದಲು ಗೋಪುರಗಳು, ಹೆಪ್ಪುಗಟ್ಟಿದ ಹುಲ್ಲುಗಾವಲು, ಬೆಳಕು ಆಮೇಲೆ. ಪ್ರಯೋಗಾಲಯದಲ್ಲಿ ಆ ವಾರ ಮಕ್ಕಳ ಕೈಗೆ ಅಳತೆಪಟ್ಟಿ ಮಾತ್ರ ಕೊಟ್ಟೆ. ಕೋನಮಾಪಕ ಎಲ್ಲಿ ಸಾರ್ ಎಂದು ಇಬ್ಬರು ಕೇಳಿದರು.