ಮೊದಲ ಹಳೇ ಅಲ್ಯೂಮಿನಿಯಂ ದೋಣಿ: ಬಣ್ಣ ಬಿಡಿ, ಹಿಂದಿನ ಹಲಗೆ ತಟ್ಟಿ ನೋಡಿ

ನನ್ನ ಮೊದಲ ಮೀನು ಹಿಡಿಯುವ ದೋಣಿಯನ್ನು ನಾನು ಬಣ್ಣ ನೋಡಿ ಕೊಂಡೆ. 14 ಅಡಿ ಉದ್ದ, ಆಗತಾನೆ ಬಳಿದ ಕಡು ಹಸಿರು ಬಣ್ಣ, ಸೀಟಿನ ಮೇಲೆ ಹೊಸ ಮೆತ್ತೆ. ಜೊತೆಗೆ ಬಂದಿದ್ದ ಭಾವ, "ಸ್ವಲ್ಪ ತಡಿಯಪ್ಪ, ಹಿಂದೆ ಹೋಗಿ ಒಂದ್ಸಲ ನೋಡೋಣ" ಎಂದರು. ನಾನು ಕೇಳಲಿಲ್ಲ. ಆರು ವಾರ ಕಳೆದ ಮೇಲೆ ಎಂಜಿನ್ ಅನ್ನು ಪೂರ್ತಿ ವೇಗಕ್ಕೆ ತಿರುಗಿಸಿದಾಗ ಬೆನ್ನ ಹಿಂದೆ ಕರಕರ ಸದ್ದು ಬಂತು. ಎಂಜಿನ್ ಕಚ್ಚಿ ಕೂತಿದ್ದ ಹಲಗೆ ಒಳಗೊಳಗೇ ಕೊಳೆತುಹೋಗಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ರಟ್ಟಿನ ಹಾಗೆ ಪುಡಿಯಾಗುತ್ತಿತ್ತು.

ಅವತ್ತಿನಿಂದ ಯಾರು ದೋಣಿ ನೋಡಲು ಕರೆದರೂ ನಾನು ಮೊದಲು ಹೋಗುವುದು ಹಿಂಬದಿಗೆ. ಎಂಜಿನ್ ಕೂರಿಸುವ ಆ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಅಲ್ಯೂಮಿನಿಯಂ ತಗಡು ಕಂಡರೂ ಹೆಚ್ಚಿನ ಚಿಕ್ಕ ದೋಣಿಗಳಲ್ಲಿ ಒಳಗಿರುವುದು ಪ್ಲೈವುಡ್, ಸುಮಾರು ಒಂದೂವರೆ ಇಂಚು ದಪ್ಪ. ತಗಡಿಗೆ ನೀರಿನಿಂದ ಅಷ್ಟೇನೂ ಆಗುವುದಿಲ್ಲ, ಪ್ಲೈವುಡ್ ಕೊಳೆಯುತ್ತದೆ. ಬೋಲ್ಟ್ ತೂತು, ಸ್ಕ್ರೂ ತೂತು, ಮೇಲಿನ ಅಂಚು, ಎಲ್ಲಿಂದ ಬೇಕಾದರೂ ನೀರು ಇಳಿಯುತ್ತದೆ.

ಪರೀಕ್ಷೆಗೆ ದೊಡ್ಡ ಸಾಮಾನು ಬೇಡ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಹಿಡಿಯಿಂದ ಹಲಗೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರವಾದರೆ ಟಕ್ ಟಕ್ ಎನ್ನುತ್ತದೆ. ಕೊಳೆತ ಜಾಗ ಬಂದ ಕೂಡಲೇ ಸದ್ದು ಮಂಕಾಗಿ ದಪ್ ದಪ್ ಎನ್ನುತ್ತದೆ. ಆ ವ್ಯತ್ಯಾಸ ಹೊಸಬರಿಗೂ ಗೊತ್ತಾಗುತ್ತದೆ. ಆಮೇಲೆ ಮಾರುವವರನ್ನು ಕೇಳಿ, ಕೆಳಗಡೆ ಇರುವ ಒಂದು ಸ್ಕ್ರೂ ಬಿಚ್ಚಿ ನೋಡಿ. ಅದರ ಸುರುಳಿಗೆ ಒದ್ದೆ ಕಪ್ಪು ಪುಡಿ ಅಂಟಿಕೊಂಡು ಬಂದರೆ ಒಳಗಿನ ಕಥೆ ಅಷ್ಟೇ. ಕೊನೆಯದಾಗಿ ಎಂಜಿನ್ ಅನ್ನು ಅರ್ಧ ಎತ್ತಿ ನಿಲ್ಲಿಸಿ, ಅದರ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಲಿ. ಎಂಜಿನ್ ಜೊತೆ ಹಲಗೆಯೂ ಬಾಗಿದರೆ, ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಬೇರೆ ದೋಣಿ ನೋಡಿ. ಇಲ್ಲವೇ ಹಲಗೆ ಬದಲಿಸುವ ಖರ್ಚು ಕಳೆದು ಬೆಲೆ ಹೇಳಿ.

ಬದಲಿಸುವುದು ಕಷ್ಟದ ಕೆಲಸವೇನಲ್ಲ, ಬೇಸರದ ಕೆಲಸ. ಆದರೆ ಒಂದು ಎಚ್ಚರ ಬೇಕು. ಹುಳ ತಿನ್ನದಿರಲಿ ಎಂದು ಔಷಧಿ ಹಾಕಿದ ಪ್ಲೈವುಡ್ ಸಿಗುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. "ಹೊಸ ಹಲಗೆ ಹಾಕ್ಸಿದೀನಿ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಯಾವ ಮರ ಅಂತ ಕೇಳಿ. ಇದೇ ಕಾರಣಕ್ಕೆ ತಾಮ್ರವಿರುವ ತಳದ ಬಣ್ಣವೂ ಈ ದೋಣಿಗೆ ಆಗುವುದಿಲ್ಲ. ಒಳಗೆ ಎಲ್ಲೋ ಬಿದ್ದು ವರ್ಷಗಟ್ಟಲೆ ನೆನೆದ ಒಂದು ತಾಮ್ರದ ನಾಣ್ಯವೂ ತಗಡನ್ನು ತೂತು ಮಾಡಬಲ್ಲದು. ಹಾಗಾಗಿ ನೆಲದ ಹಲಗೆ ಎತ್ತಲು ಬಂದರೆ ಎತ್ತಿಸಿ, ಟಾರ್ಚ್ ಬಿಟ್ಟು ನೋಡಿ. ಬಿಳಿ ಪುಡಿ ಕಂಡರೆ ಉಗುರಿನಿಂದ ಕೆರೆಯಿರಿ. ಅಡಿಯಲ್ಲಿ ತಗಡು ನಯವಾಗಿದ್ದರೆ ಪರವಾಗಿಲ್ಲ. ಗುಳಿ ಗುಳಿಯಾಗಿದ್ದರೆ ಎಷ್ಟು ಆಳ ಅಂತ ನೋಡಬೇಕು. ಉಪ್ಪುನೀರಿನಲ್ಲಿ ಓಡಿದ ದೋಣಿಯಾದರೆ ಇನ್ನೂ ನಿಧಾನವಾಗಿ ನೋಡಿ.

ಇನ್ನು ತಳ. ಹಳೇ ಅಲ್ಯೂಮಿನಿಯಂ ದೋಣಿಗಳಲ್ಲಿ ಎರಡು ಜಾತಿ: ರಿವೆಟ್ (ತಗಡುಗಳನ್ನು ಸೇರಿಸಿ, ತುದಿ ಬಡಿದು ಬಿಗಿ ಮಾಡುವ ಮೊಳೆ) ಹೊಡೆದದ್ದು, ವೆಲ್ಡಿಂಗ್ ಮಾಡಿದ್ದು. ವೆಲ್ಡಿಂಗ್ ಮಾಡಿದ್ದು ಸಾಮಾನ್ಯವಾಗಿ ದಪ್ಪ ತಗಡು, ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಮೊದಲ ದೋಣಿಗೆ ನಾನು ರಿವೆಟ್ ದೋಣಿಯನ್ನೇ ಹೇಳುತ್ತೇನೆ. ರಿವೆಟ್ ಸಡಿಲವಾದರೆ ಹೊರಗೆ ಒಬ್ಬರು ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದು, ಒಳಗೆ ಇನ್ನೊಬ್ಬರು ಸುತ್ತಿಗೆಯಲ್ಲಿ ಬಡಿದರೆ ಮತ್ತೆ ಬಿಗಿಯಾಗುತ್ತದೆ. ವೆಲ್ಡಿಂಗ್ ಬಿಟ್ಟರೆ ಹಾಗಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕಬ್ಬಿಣದ ಹಾಗೆ ಮೊದಲು ಕೆಂಪಾಗಿ ಎಚ್ಚರಿಸುವುದೂ ಇಲ್ಲ. ಅಭ್ಯಾಸವಿಲ್ಲದವರ ಕೈಗೆ ಕೊಟ್ಟರೆ ಇದ್ದ ಬಿರುಕು ತೂತಾಗಿ ವಾಪಸು ಬರುತ್ತದೆ.

ನೆಗ್ಗು ನೋಡಿ ಹೆದರಬೇಡಿ. ಕಲ್ಲಿಗೆ ತಾಗಿದ ದೋಣಿ ನೆಗ್ಗಿರುತ್ತದೆ, ಅದು ಅದರ ವಯಸ್ಸು. ಹೆದರಬೇಕಾದ್ದು ಬಿರುಕಿಗೆ. ಸೀಟು ಕೂರಿಸಿದ ಮೂಲೆ, ಅಡ್ಡಪಟ್ಟಿಗಳ ತುದಿ, ವೆಲ್ಡಿಂಗ್ ಮುಗಿಯುವ ಜಾಗ, ಇಲ್ಲೆಲ್ಲ ಬೆರಳಾಡಿಸಿ. ತಳದ ಒಳಮೈಗೆ ಡಾಂಬರೋ ಸಿಲಿಕೋನೋ ಪದರ ಪದರವಾಗಿ ಮೆತ್ತಿದ್ದರೆ, ಯಾರೋ ಸೋರಿಕೆ ಜೊತೆ ಬಹಳ ಕಾಲ ಜಗಳವಾಡಿದ್ದಾರೆ ಎಂದು ಅರ್ಥ.

ಸೋರಿಕೆ ಹುಡುಕಲು ದೋಣಿಯನ್ನು ನೀರಿಗೆ ಇಳಿಸಬೇಕಿಲ್ಲ, ನೀರನ್ನೇ ದೋಣಿಯೊಳಗೆ ಬಿಟ್ಟರಾಯಿತು. ಟ್ರೇಲರ್ ಮೇಲೆ ಸರಿಯಾಗಿ ಕೂತಿರುವಾಗ, ಒಳಗಿನ ನೀರು ಹೊರಬಿಡುವ ತೂತಿಗೆ ಬಿರಡೆ ಹಾಕಿ, ಪೈಪಿನಲ್ಲಿ ಎರಡು ಮೂರು ಇಂಚು ನೀರು ಬಿಡಿ. ಜಾಸ್ತಿ ಬೇಡ. ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಅಷ್ಟಕ್ಕೇ ನೂರಾರು ಕಿಲೋ ಆಗುತ್ತದೆ, ತಳ ಬಾಗಬಹುದು. ಹತ್ತು ನಿಮಿಷ ಬಿಟ್ಟು ಅಡಿಯಲ್ಲಿ ಬಗ್ಗಿ ನೋಡಿ. ಹನಿಯುವ ರಿವೆಟ್‌ಗಳಿಗೆ ಮೇಣದ ಬಳಪದಲ್ಲಿ ಗುರುತು ಹಾಕಿ. ಅಲ್ಲೊಂದು ಇಲ್ಲೊಂದು ಹನಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಸಾಲಾಗಿ ಹನಿದರೆ, ಅದರಲ್ಲೂ ಮುಂದಿನ ಭಾಗದಲ್ಲಿ, ಅಲೆ ಬಡಿದು ಬಡಿದು ತಳವೇ ಅಲುಗಾಡುತ್ತಿದೆ ಎಂದು ಲೆಕ್ಕ.

ಸೀಟಿನ ಕೆಳಗೆ ತೇಲಲು ತುಂಬಿದ ಫೋಮ್ ಇರುತ್ತದೆ. ಹಳೆಯದಾದಾಗ ಅದು ನೀರು ಹೀರಿಕೊಂಡು ಕೂರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. 14 ಅಡಿಯ ಹಗುರ ದೋಣಿಯ ಬರೀ ಮೈ ತೂಕ ಸುಮಾರು 100 ಕಿಲೋ ಆಸುಪಾಸು. ಅದಕ್ಕೆ 40 ಲೀಟರ್ ನೀರು ಸೇರಿದರೆ ಎಂಜಿನ್ ಏದುಸಿರು ಬಿಡುತ್ತದೆ, ಅಲ್ವಾ? ಸೀಟಿನ ಪಕ್ಕದ ತಗಡು ಬಿಚ್ಚಲು ಬಂದರೆ ಬಿಚ್ಚಿ, ಫೋಮ್ ಒತ್ತಿ ನೋಡಿ. ನೀರು ಒಸರಬಾರದು.

ಆಕಾರದ ಬಗ್ಗೆ ಎರಡೇ ಮಾತು. ನಿಂತ ನೀರು, ಆಳವಿಲ್ಲದ ಜಾಗ ಎಂದರೆ ಚಪ್ಪಟೆ ತಳ. ಗಾಳಿ, ಅಲೆ ಇರುವ ಕಡೆ ವಿ ಆಕಾರದ ತಳ. ಚಪ್ಪಟೆ ತಳದಲ್ಲಿ ಅಲೆ ಮೇಲೆ ಹೋದರೆ ಹಲ್ಲು ಅಲುಗಾಡುತ್ತವೆ.

ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂದು ಬರೆದ ಚಿಕ್ಕ ಫಲಕ ಒಳಗಡೆ ಇದೆಯಾ ನೋಡಿ. ಅಮೆರಿಕದಲ್ಲಿ 1972ರ ನವೆಂಬರ್ ನಂತರ ತಯಾರಾದ, 20 ಅಡಿಗಿಂತ ಚಿಕ್ಕ ಎಂಜಿನ್ ದೋಣಿಗಳಿಗೆ ಅದು ಕಡ್ಡಾಯ. ಫಲಕದಲ್ಲಿ 15 ಎಂದಿದ್ದು ಹಿಂದೆ 25ರ ಎಂಜಿನ್ ನೇತಾಡುತ್ತಿದ್ದರೆ, ಹಲಗೆಯನ್ನು ಇನ್ನೊಮ್ಮೆ ತಟ್ಟಿ.

ಎಂಜಿನ್ ನೋಡಲು ಹೋಗುವ ಮೊದಲೇ, "ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದು ಹೇಳಿಡಿ. ಹೋದ ಕೂಡಲೇ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲು ಯಾರೋ ಒದ್ದಾಡಿದ್ದಾರೆ. ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಇದ್ದರೆ ಪ್ರತಿ ಸಿಲಿಂಡರ್ ಅಳೆಯಿರಿ. ಒಂದಕ್ಕೊಂದು ಸುಮಾರು 10 ಪರ್ಸೆಂಟ್ ಒಳಗೆ ಇರಬೇಕು. ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಆಯಿಲ್ ಹಾಲು ಕಲಸಿದ ಹಾಗೆ ಬೆಳ್ಳಗೆ ಬಂದರೆ ಸೀಲ್ ಹೋಗಿ ನೀರು ಒಳಸೇರಿದೆ. ಓಡುವಾಗ ಪಕ್ಕದಿಂದ ನೀರಿನ ಧಾರೆ ಬರಬೇಕು, ತಂಪು ಮಾಡುವ ಪಂಪ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀರಿಲ್ಲದೆ ಸುಮ್ನೆ ಒಂದು ಗಳಿಗೆ ಓಡಿಸಿ ತೋರಿಸುತ್ತೇನೆ ಎಂದರೆ ಬೇಡ ಅನ್ನಿ, ಪಂಪಿನ ರಬ್ಬರ್ ಸುಟ್ಟುಹೋಗುತ್ತದೆ.

ಅಳತೆಯ ಪಟ್ಟಿ ಒಯ್ದಿದ್ದರೆ ಟ್ರಾನ್ಸಮ್ ಎತ್ತರ ಅಳೆಯಿರಿ. ಎಂಜಿನ್‌ನಿಂದ ಪ್ರೊಪೆಲ್ಲರ್ ಕಡೆಗೆ ಇಳಿಯುವ ಕಾಲು, ಅಂದರೆ ಶಾಫ್ಟ್, ಚಿಕ್ಕದಾದರೆ ಸುಮಾರು 15 ಇಂಚು, ಉದ್ದವಾದರೆ 20 ಇಂಚು ಇರಬೇಕು. ಎತ್ತರದ ಹಲಗೆಗೆ ಚಿಕ್ಕ ಶಾಫ್ಟ್ ಸಿಕ್ಕಿಸಿದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿ ಕಡೆಯುತ್ತದೆ.

ಟ್ರೇಲರ್ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಬೇರಿಂಗ್ ಹೋಗಿದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ದೋಣಿಯ ಹಿಂದೆ ಬಲಗಡೆ ಕೊರೆದ 12 ಅಕ್ಷರದ ಗುರುತಿನ ಸಂಖ್ಯೆ ಇದ್ದರೆ ಕಾಗದದ ಜೊತೆ ತಾಳೆ ನೋಡಿ. ಉಜ್ಜಿ ಅಳಿಸಿದ್ದರೆ ಮಾತು ಮುಂದುವರಿಸಬೇಡಿ.

ಇಷ್ಟೆಲ್ಲ ಒಪ್ಪಿಗೆಯಾದರೆ ಅರ್ಧ ಗಂಟೆ ನೀರಿನ ಮೇಲೆ ಓಡಿಸಿ, ಮಾರುವವರೂ ಜೊತೆಗೆ ಕೂರಲಿ. ವಾಪಸು ಬಂದು ಟ್ರೇಲರ್ ಮೇಲೆ ಎಳೆದ ಮೇಲೆ ಬಿರಡೆ ತೆಗೆದು, ಕೆಳಗೆ ಬಕೆಟ್ ಇಡಿ. ನನ್ನ ಎರಡನೇ ದೋಣಿ ಮೈಯೆಲ್ಲ ನೆಗ್ಗು, ಬಣ್ಣ ಅರ್ಧ ಹಾರಿಹೋಗಿತ್ತು. ಬಕೆಟ್‌ಗೆ ಬಿದ್ದದ್ದು ಎರಡು ಲೋಟ ನೀರು. ಭಾವ ನನ್ನ ಮುಖ ನೋಡಿದರು, ನಾನು ಅಲ್ಲೇ ಮುಂಗಡ ಕೊಟ್ಟೆ.