ಕನ್ನಡಕ ಮರೆಯದೆ ಅಂಗಡಿಗೆ ಹೋಗಿ

ಉಡುಪಿಯ ನಮ್ಮ ಮನೆಗೆ ದಿನಸಿ ತರುವುದು ನನ್ನ ಕೆಲಸ. ಕನ್ನಡಕ ಮರೆತರೆ ಅರ್ಧ ದಾರಿಯಿಂದ ವಾಪಸು ಬರುತ್ತೇನೆ. ಓದಬೇಕಾದದ್ದೆಲ್ಲ ಪೊಟ್ಟಣದ ಹಿಂಬದಿಯಲ್ಲಿ ಇರುವೆ ಸಾಲಿನಂತಿರುತ್ತದೆ.

ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೊಮ್ಮಗಳಿಗೆಂದು ಎತ್ತಿಕೊಂಡ ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ. ರಾಗಿಗೆ ನಾಲ್ಕನೆಯ ಸ್ಥಾನ! ಅಲ್ಲೇ ಇಟ್ಟು ಬಂದೆ. ಉಪ್ಪು ಸೋಡಿಯಂ ಎಂಬ ಹೆಸರಿನಲ್ಲಿ ಅಡಗಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು 1 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಕಿ 100 ಗ್ರಾಂಗೋ, ಒಂದು ಸಲ ತಿನ್ನುವಷ್ಟಕ್ಕೋ ಎಂದೂ ನೋಡಿ. ಮೋಸ ಹೋಗುವುದು ಅಲ್ಲೇ.

ಲೇಬಲ್ಲೇ ಇಲ್ಲದ ವಸ್ತುಗಳಿಂದ ಚೀಲದ ಮುಕ್ಕಾಲು ಪಾಲು ತುಂಬಿಸಿ: ಕುಚ್ಚಲಕ್ಕಿ, ಹೆಸರುಕಾಳು, ಬಸಳೆ, ಅಲಸಂಡೆ. ನಮ್ಮೂರ ಕಡೆಯ ಬದನೆ ಮಟ್ಟುಗುಳ್ಳ ಕೊಳ್ಳುವಾಗ ತೊಟ್ಟಿನ ಮುಳ್ಳು ನೋಡುತ್ತೇನೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಇಂಥ ಊರಿನದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕ ಮೇಲೆ ಅದರ ಹೆಸರಿನಲ್ಲಿ ಎಲ್ಲ ಬದನೆಯೂ ಮಾರಾಟಕ್ಕೆ ಬರುತ್ತದೆ. ಬೂತಾಯಿ ಮೀನಾದರೆ ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ಉಳಿಯಬಾರದು.

ಸಂಜೆ ಮಕ್ಕಳು ಚಿಪ್ಸ್ ಕೇಳುವ ಹೊತ್ತಿಗೆ ಅವಲಕ್ಕಿಗೆ ಕಾಯಿತುರಿ, ಬೆಲ್ಲ ಕಲಸಿಡಿ. ಐದು ನಿಮಿಷದ ಕೆಲಸ. ಹಪ್ಪಳ, ಉಪ್ಪಿನಕಾಯಿ ಮನೆಯದ್ದೆಂದು ಧಾರಾಳವಾಗಿ ಬಡಿಸಬೇಡಿ. ಅತ್ತೆಯ ಭರಣಿಯಲ್ಲಿದ್ದರೂ ಉಪ್ಪು ಉಪ್ಪೇ.